ಪದಕ ಬಂತು, ನಿದ್ದೆ ಹೋಯಿತು

(ನಾನು ಮಕ್ಕಳ ಆಪ್ತಸಮಾಲೋಚಕಿ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.)

"ಪಿಯುಸಿ ಟೆನ್ಷನ್ ಮೇಡಂ, ರಾತ್ರಿಯೆಲ್ಲ ಎದ್ದೇ ಇರ್ತಾಳೆ" ಅಂದರು ಅಪ್ಪ. 16 ವರ್ಷದ ಮಗಳು ಸುಮ್ನೆ ಕೂತಿದ್ದಳು. ಅಪ್ಪ ಹೊರಗೆ ಹೋದ ಮೇಲೆ ಬಾಯಿ ಬಿಟ್ಟಳು: "ನಾನು ಅವನಿಗೆ ಹೊಡೆದೆ. ಅದಕ್ಕೇ ಮೆಡಲ್ ಬಂತು."

ಅವನು ಅಂದರೆ ಕುದುರೆ. ರೇಸಿನಿಂದ ನಿವೃತ್ತನಾದ ಥರೋಬ್ರೆಡ್, ಅಂದರೆ ರೇಸಿಗೆಂದೇ ಬೆಳೆಸುವ ತಳಿ. ಎರಡು ತಿಂಗಳಿಂದ, ಹಾರಬೇಕಾದ ಅಡ್ಡಪಟ್ಟಿಯ ಹತ್ತಿರ ಬಂದು ನಿಂತುಬಿಡುತ್ತಿದ್ದ. ಜೀನು ಬಿಗಿಯುವಾಗ ಕಚ್ಚಲು ಬರುತ್ತಿದ್ದ. "ಹಠ ಮಾಡ್ತಿದಾನೆ, ಚಾಟಿ ಕೊಡು" ಅಂದರಂತೆ ಕೋಚ್. ಕೊಟ್ಟಳು, ಹಾರಿದ.

ಆಮೇಲೆ ಅವಳ ಫೋನಿಗೆ ಬ್ರಿಟನ್ನಿನ ಕುದುರೆ ಸವಾರಿ ಪಟು ಶಾರ್ಲಟ್ ಡುಜಾರ್ಡಿನ್ ಸುದ್ದಿ ಬಂದಿದೆ. ಮೂರು ಒಲಿಂಪಿಕ್ ಚಿನ್ನ ಗೆದ್ದವರು. ತರಬೇತಿಯಲ್ಲಿ ಕುದುರೆಯ ಕಾಲಿಗೆ ಚಾಟಿ ಬೀಸಿದ ಹಳೆಯ ವಿಡಿಯೊ ಹೊರಬಿದ್ದು, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಿಂದ ಹಿಂದೆ ಸರಿದರು. "ಅವರಿಗೆ ಒಂದು ವರ್ಷ ನಿಷೇಧ. ನನಗೆ ಚಪ್ಪಾಳೆ" ಅಂದಳು ಹುಡುಗಿ.

"ನಿಂದೇನೂ ತಪ್ಪಿಲ್ಲ ಬಿಡು" ಅಂತ ನಾನು ಹೇಳಲಿಲ್ಲ. ಹೇಳಿದ್ದರೂ ನಂಬುತ್ತಿರಲಿಲ್ಲ. ಮಕ್ಕಳ ಅಳುಕನ್ನು ಬೇಗ ಒರೆಸಿಬಿಡುವ ಆತುರ ನಮ್ಮ ವೃತ್ತಿಯವರಿಗೆ ಸ್ವಲ್ಪ ಜಾಸ್ತಿ. ಅವನು ಯಾಕೆ ನಿಲ್ಲುತ್ತಿದ್ದ ಅಂತ ಕೇಳಿದೆ. ಅದನ್ನು ಯಾರೂ ನೋಡಿರಲೇ ಇಲ್ಲ.

ನನಗೂ ಗೊತ್ತಿರಲಿಲ್ಲ, ಪರಿಚಯದ ಪಶುವೈದ್ಯರನ್ನು ಕೇಳಿದೆ. ಕುದುರೆಯ ಹೊಟ್ಟೆಯಲ್ಲಿ ಆಸಿಡ್ ದಿನವಿಡೀ ಜಿನುಗುತ್ತಲೇ ಇರುತ್ತದೆ, ಮೇಯುತ್ತಲೇ ಇರಬೇಕಾದ ಪ್ರಾಣಿ ಅದು. ಲಾಯದಲ್ಲಿ ಕಟ್ಟಿ ಎರಡು ಹೊತ್ತು ಧಾನ್ಯ ಹಾಕಿದರೆ ಅಲ್ಸರ್ ಬರುವುದು ಸಾಮಾನ್ಯ. ಜೀನು ಸರಿಯಾಗಿ ಕೂರದಿದ್ದರೆ ಬೆನ್ನು ನೋಯುತ್ತದೆ. ಹಲ್ಲಿನ ಅಂಚು ಚೂಪಾಗಿದ್ದರೆ ಕಡಿವಾಣ ಹಾಕಿದಾಗ ಬಾಯಿಗೆ ಗಾಯವಾಗುತ್ತದೆ. ನೋವಾದರೆ ನಾಯಿಯ ಹಾಗೆ ಕುಂಯ್ ಅನ್ನುವುದಿಲ್ಲ. ನಿಂತುಬಿಡುತ್ತದೆ.

ಎರಡನೇ ಭೇಟಿಯಲ್ಲಿ ಅಪ್ಪ, "ಇಷ್ಟು ಕಷ್ಟ ಆದ್ರೆ ಮಾರಿಬಿಡೋಣ ಪುಟ್ಟಿ" ಅಂದರು. ಅವಳು ಅತ್ತಳು. ಅವರ ಪ್ರೀತಿ ನನಗೆ ಅರ್ಥವಾಯಿತು, ಆದರೂ ತಡೆದೆ. ಕುದುರೆ 25–30 ವರ್ಷ ಬದುಕುತ್ತದೆ. ಹಾರದ ಕುದುರೆಯನ್ನು ಯಾರು, ಯಾತಕ್ಕೆ ಕೊಳ್ಳುತ್ತಾರೆ? ಮೆರವಣಿಗೆಗೋ, ಗಾಡಿಗೋ? ಮಾರಿದರೆ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ ಅಲ್ವಾ?

ಪಶುವೈದ್ಯರು ಬೆನ್ನು, ಹಲ್ಲು, ಹೊಟ್ಟೆ ನೋಡುವ ತನಕ ಸವಾರಿ ಬೇಡ, ಸ್ಪರ್ಧೆಯಂತೂ ಬೇಡವೇ ಬೇಡ ಅಂದೆ. ಕೋಚ್ ಹತ್ತಿರ ಅಪ್ಪನೇ ಮಾತಾಡಬೇಕು. ದೊಡ್ಡವರೊಬ್ಬರು "ಹೊಡಿ" ಅಂದಾಗ "ಇಲ್ಲ" ಅನ್ನುವ ಭಾರವನ್ನು ಈ ವಯಸ್ಸಿನ ಹುಡುಗಿಯ ಮೇಲೆ ಹೊರಿಸಬಾರದು. ಪ್ರಾಣಿಗೆ ಹೊಡೆದು ಹಿಂಸೆ ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೂ ಅಪರಾಧ ಅಂತ ನೆನಪಿಸಿದೆ. ಹುಡುಗಿಗೆ ಹೇಳಿದ್ದು ಇಷ್ಟೇ: ದಿನಾ ಲಾಯಕ್ಕೆ ಹೋಗು, ಹತ್ತಬೇಡ. ಮೈ ತಿಕ್ಕು, ಹಗ್ಗ ಹಿಡಿದು ಮೇಯಿಸು. ಹತ್ತಿರ ಬಂದರೆ ಬರಲಿ, ಬರದಿದ್ದರೆ ಬಿಡು.

ಮೂರು ವಾರದ ನಂತರ ಬಂದಳು. ಜೀನು ಅವನಿಗೆ ಇಕ್ಕಟ್ಟಾಗಿತ್ತಂತೆ, ಬೆನ್ನು ಮುಟ್ಟಿದರೆ ಚರ್ಮ ಅದುರುತ್ತಿತ್ತಂತೆ. ಅಪ್ಪ ಕೋಚ್ ಬದಲಿಸಿದ್ದಾರೆ. ರಾತ್ರಿ ಐದಾರು ಗಂಟೆ ನಿದ್ದೆ ಬರುತ್ತಿದೆ. ಪದಕ ಎಸೆಯುತ್ತೇನೆ ಅಂತ ತಂದಿದ್ದಳು. ಈಗಲೇ ಬೇಡ ಅಂದೆ. ಸದ್ಯ ಅದು ನನ್ನ ಮೇಜಿನ ಡ್ರಾಯರಿನಲ್ಲಿದೆ.