ಕ್ಯೂರಿಂಗ್ ಕೆಲ್ಸನಾ, ಆನ್‌ಲೈನ್ ಕೋರ್ಸಾ?

ಬಿಕಾಂ ಎರಡನೇ ವರ್ಷ, ಮುಂದೆ ಎಂಬಿಎ, ಈ ಸಲದ ರಜೆಗೆ ಕುಶಾಲನಗರದಲ್ಲಿ ಒಣ ಕಾಫಿ ಸಿಪ್ಪೆ ತೆಗ್ದು ಬೀಜ ವಿಂಗಡಿಸೋ ಕಾರ್ಖಾನೆ, ಅಂದ್ರೆ ಕಾಫಿ ಕ್ಯೂರಿಂಗ್‌ನಲ್ಲಿ ಕೆಲ್ಸ ಸಿಕ್ಕಿದೆ, ಹೋಗ್ಲಾ ಇಲ್ಲ ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸ್ ಮಾಡ್ಲಾ ಅಂತ ಕೇಳಿದೀರಲ್ಲ, ಕಣ್ಮುಚ್ಚಿ ಕ್ಯೂರಿಂಗ್‌ಗೆ ಹೋಗಿ. ಕೋರ್ಸ್ ಮಳೆಗಾಲದಲ್ಲೂ ಮಾಡ್ಬಹುದು (ಕರೆಂಟ್ ಇದ್ರೆ!), ರೊಬಸ್ಟಾ ಕಾಫಿ ಕುಯ್ಲು ಮಳೆಗಾಲದಲ್ಲಿ ಬರಲ್ಲ.

ಬರೀ ಬಿಲ್ ಎಂಟ್ರಿಗೆ ಕೂರ್ಬೇಡಿ. ಸ್ಯಾಂಪಲ್ ತೆಗಿಯೋ ಜಾಗದಲ್ಲಿ ನಿಂತು ನೋಡಿ, 50 ಕೆಜಿ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮೂಟೆಗೆ ಸಿಪ್ಪೆ ಹೋಗಿ 26 ಕೆಜಿ ಬೀಜ ಬಂದ್ರೆ ಒಂದು ರೇಟು, 28 ಬಂದ್ರೆ ಇನ್ನೊಂದು, ಅದೇ ಔಟ್‌ಟರ್ನ್, ಮೇಲಿಂದ ತೇವ ಅಳೆಯೋ ಮಾಯಿಶ್ಚರ್ ಮೀಟರ್ ನೋಡ್ಕೊಂಡು ಬೆಳೆಗಾರ್ರೂ ವ್ಯಾಪಾರಿನೂ ಕಿತ್ತಾಡೋದು ಬೇರೆ. ಕಾಸ್ಟಿಂಗ್ ಪಾಠ ಅಲ್ಲೇ ಅರ್ಥ ಆಗುತ್ತೆ. ಎಂಬಿಎ ಇಂಟರ್‌ವ್ಯೂನಲ್ಲಿ ಹೇಳೋಕೂ ಏನಾದ್ರೂ ಇರುತ್ತೆ. ಸಂಬಳ, ಅನುಭವ ಪತ್ರ ಎರಡೂ ಸೇರೋ ಮುಂಚೆನೇ ಮಾತಾಡ್ಕೊಳ್ಳಿ.