ಗೋಡೆ ಒಣಗಲಿ, ಆಮೇಲೆ ಗನ್ ಹಿಡಿಯೋಣ

ಕಳೆದ ತಿಂಗಳು ಮನೆ ಗೋಡೆಗೆ ಏರ್‌ಬ್ರಷ್‌ನಲ್ಲಿ, ಅಂದರೆ ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪುಟ್ಟ ಗನ್‌ನಲ್ಲಿ, ಚಿತ್ರ ಬರೆಯುವ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ "ರೇಟ್ ಎಷ್ಟು?" ಅಂತಲೇ ಇದೆ. ಅದಕ್ಕೂ ಬರುತ್ತೇನೆ. ಮೊದಲು ಹಾಸನದ ಪತ್ರ, ಯಾಕಂದ್ರೆ ಅವರಿಗೆ ದಿನ ಕಮ್ಮಿ ಇದೆ.

ಪ್ರಶ್ನೆ: ಸರ್, ಹೊಸ ಮನೆ ಗೃಹಪ್ರವೇಶಕ್ಕೆ ಇನ್ನು 20 ದಿನ ಇದೆ. ಹಾಲ್‌ನಲ್ಲಿ 12 ಅಡಿ ಅಗಲ, 9 ಅಡಿ ಎತ್ತರದ ಗೋಡೆ ಇದೆ. ಅದಕ್ಕೆ ಘಟ್ಟದ ಮಂಜು, ಕಾಡು, ಒಂದು ಝರಿ ಬರೆಸುವ ಆಸೆ. ಗಾರೆ ಆಗಿ ಎರಡು ವಾರ ಆಯ್ತು. ಅಷ್ಟರಲ್ಲಿ ಆಗುತ್ತಾ? — ಗೃಹಿಣಿ, ಹಾಸನ

ಆಗಲ್ಲಮ್ಮ. ಚಿತ್ರ ನಾಲ್ಕೈದು ದಿನದ ಕೆಲಸ, ಅದಕ್ಕೆ ತೊಂದರೆಯಿಲ್ಲ. ನಿಮ್ಮ ಆಯ್ಕೆಯೂ ಚೆನ್ನಾಗಿದೆ. ಮಂಜು ಬರೆಯಲು ಏರ್‌ಬ್ರಷ್ ಬಿಟ್ಟರೆ ಇನ್ನೊಂದಿಲ್ಲ ಅಂತ ನಾನಂತೂ ನಂಬಿದ್ದೇನೆ. ಬಿಳಿ ಬಣ್ಣವನ್ನು ಹಾಲಿಗಿಂತ ತೆಳ್ಳಗೆ ಮಾಡಿಕೊಂಡು, ಗೋಡೆಯಿಂದ ಒಂದಡಿ ದೂರ ನಿಂತು, ಹೊಡೆದೂ ಹೊಡೆಯದ ಹಾಗೆ ಆರೇಳು ಸಲ ಹಾಯಿಸಿದರೆ ಗುಡ್ಡ ತಾನಾಗಿ ಹಿಂದೆ ಸರಿಯುತ್ತದೆ. ದೂರದ ಗುಡ್ಡಕ್ಕೆ ಹಸಿರು ಹಾಕಬೇಡಿ ಅಂತ ಪೇಂಟರ್‌ಗೆ ಹೇಳಿ, ಅದು ನೀಲಿ ಕಡೆಗೆ ಇರಬೇಕು.

ತೊಂದರೆ ಇರುವುದು ಗಾರೆಯಲ್ಲಿ. ಸಿಮೆಂಟ್ ಗಾರೆ ಬಲಿಯುವುದಕ್ಕೇ 28 ದಿನದ ಲೆಕ್ಕ, ಒಳಗಿನ ನೀರು ಆರುವುದಕ್ಕೆ ಇನ್ನೂ ಜಾಸ್ತಿ, ಮಳೆಗಾಲವಾದರೆ ಕೇಳಲೇಬೇಡಿ. ಹಸಿ ಗೋಡೆಗೆ ಪುಟ್ಟಿ, ಪ್ರೈಮರ್ ಹೊಡೆದು ಚಿತ್ರ ಬರೆದರೆ ಒಳಗಿನ ನೀರು ಉಪ್ಪನ್ನೂ ಎಳೆದುಕೊಂಡು ಹೊರಗೆ ಬರುತ್ತದೆ. ಬಿಳಿ ಪುಡಿ ಏಳುತ್ತದೆ, ಬಣ್ಣ ಗುಳ್ಳೆ ಬಂದು ಉದುರುತ್ತದೆ. ನಾನೇ ಒಮ್ಮೆ ಹೀಗೆ ಕೆಟ್ಟಿದ್ದೇನೆ. ಮನೆಯವರು ಅವಸರ ಮಾಡಿದರು, ನಾನೂ ಅಡ್ವಾನ್ಸ್ ನೋಡಿ ಹೂಂ ಅಂದೆ. ಬರೆದದ್ದು ಆನೆಗಳ ಹಿಂಡು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಮುಂದಿನ ಆನೆಗೆ ತೊನ್ನು ಹತ್ತಿತ್ತು. ಗೋಡೆಯ ಹಿಂದೆ ಬಚ್ಚಲ ಪೈಪ್ ಇದೆ ಅಂತ ಆಮೇಲೆ ಗೊತ್ತಾಯ್ತು. ಕೆರೆದು, ರಿಪೇರಿ ಮಾಡಿಸಿ, ಪುಕ್ಕಟೆ ಮತ್ತೆ ಬರೆದುಕೊಟ್ಟೆ.

ಹಾಗಾಗಿ ಮೊದಲು ಒಂದು ಪರೀಕ್ಷೆ ಮಾಡಿ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಕಡೆ ಗಾಳಿಯಾಡದ ಹಾಗೆ ಟೇಪ್ ಹಾಕಿ, ಒಂದು ದಿನ ಬಿಟ್ಟು ತೆಗೆಯಿರಿ. ಒಳಗೆ ಬೆವರಿದ್ದರೆ ಗೋಡೆ ಇನ್ನೂ ಹಸಿ. ಗೃಹಪ್ರವೇಶಕ್ಕೆ ಬೇಕೇ ಬೇಕು ಅಂದರೆ ಪ್ಲೈವುಡ್ ಮೇಲೋ ದೊಡ್ಡ ಕ್ಯಾನ್ವಾಸ್ ಮೇಲೋ ಬರೆಸಿ ತೂಗುಹಾಕಿ. ಆ ಗೋಡೆಗೆ ಹೇಗೂ ಅವತ್ತು ಹೂವಿನ ಅಲಂಕಾರ ಬರುತ್ತದೆ, ಅಲ್ವಾ?

ಪ್ರಶ್ನೆ: ಅಣ್ಣಾ, ಡ್ರಾಯಿಂಗ್ ಚೆನ್ನಾಗಿ ಬರುತ್ತೆ. ಗಣೇಶನ ಮೂರ್ತಿ ಮಾಡುವವರ ಹತ್ತಿರ ಎರಡು ಸೀಸನ್ ಕಂಪ್ರೆಸರ್‌ನಲ್ಲಿ ಬಣ್ಣ ಹೊಡೆದಿದ್ದೇನೆ. ಈಗ ಸ್ವಂತ ಸೆಟ್ ತಗೊಂಡು ಮನೆ ಗೋಡೆ ಕೆಲಸ ಹಿಡಿಯಬೇಕು. ಯಾವುದು ತಗೊಳ್ಳಲಿ? — ದಾವಣಗೆರೆ ಹುಡುಗ

ಮೂರ್ತಿಗೆ ಬಣ್ಣ ಹೊಡೆದ ಕೈ ಅಂದ್ರೆ ಅರ್ಧ ದಾರಿ ಬಂದ ಹಾಗೆ. ಗಣಪನ ಕೆನ್ನೆಗೆ ಕೆಂಪು ಕೂರಿಸಿದವನಿಗೆ ಮೋಡ ಕಷ್ಟವಲ್ಲ. ಡ್ಯುಯಲ್ ಆ್ಯಕ್ಷನ್ ಏರ್‌ಬ್ರಷ್ ತಗೊಳ್ಳಿ, ಟ್ರಿಗರ್ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಸಣ್ಣ ಕೆಲಸಕ್ಕೆ 0.3 ಮಿ.ಮೀ. ನೀಡಲ್, ಗೋಡೆಗೆ 0.5. ಆಕಾಶದಂಥ ದೊಡ್ಡ ಜಾಗಕ್ಕೆ ಇವೆರಡೂ ಬೇಡ, ರೋಲರ್ ಅಥವಾ ಮಿನಿ ಸ್ಪ್ರೇ ಗನ್ ಸಾಕು. 0.3 ಹಿಡಿದು ಆಕಾಶ ಹೊಡೆಯಲು ಹೊರಟರೆ ಅಲ್ಲೇ ಸೂರ್ಯಾಸ್ತ ಆಗುತ್ತದೆ.

ದುಡ್ಡು ಜಾಸ್ತಿ ಹಾಕಬೇಕಾದದ್ದು ಕಂಪ್ರೆಸರ್‌ಗೆ. ಟ್ಯಾಂಕ್ ಇರುವುದೇ ಬೇಕು, ಇಲ್ಲದಿದ್ದರೆ ಗಾಳಿ ಬಿಟ್ಟು ಬಿಟ್ಟು ಬಂದು ಗೆರೆ ನಡುಗುತ್ತದೆ. ಒತ್ತಡ ಹೆಚ್ಚುಕಮ್ಮಿ ಮಾಡುವ ರೆಗ್ಯುಲೇಟರ್ ಮತ್ತು ನೀರು ಹಿಡಿಯುವ ಟ್ರ್ಯಾಪ್ ಇರಲಿ. ಮಂಗಳೂರು, ಕಾರವಾರದ ಕಡೆ ಕೆಲಸ ಸಿಕ್ಕರೆ ಆ ಟ್ರ್ಯಾಪ್‌ನ ಬೆಲೆ ಗೊತ್ತಾಗುತ್ತದೆ, ಅಲ್ಲಿನ ತೇವದ ಗಾಳಿಯಲ್ಲಿ ಹೋಸ್‌ನೊಳಗೇ ನೀರು ಕಟ್ಟಿ ಬರೆಯುತ್ತಿರುವ ಮುಖದ ಮಧ್ಯಕ್ಕೆ ಒಂದು ಹನಿ ಬೀಳುತ್ತದೆ. ಪ್ರೆಷರ್ 20ರಿಂದ 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಒಳಗೆ ಆಡಿಸಿ ನೋಡಿ. ಬಣ್ಣಕ್ಕೆ ಅಂಗಡಿಯ ಅಕ್ರಿಲಿಕ್ ಎಮಲ್ಷನ್ನೇ ಆಗುತ್ತದೆ. ನೀರು ಬೆರೆಸಿ ಹಾಲಿನ ಹದಕ್ಕೆ ತಂದು ಹಳೇ ನೈಲಾನ್ ಸಾಕ್ಸ್‌ನಲ್ಲಿ ಸೋಸಿ. ಸೋಸದೆ ಹಾಕಿದರೆ ಅರ್ಧ ದಿನ ನಾಜಲ್ ಬಿಚ್ಚುವುದರಲ್ಲೇ ಹೋಗುತ್ತದೆ.

ಸ್ಟೆನ್ಸಿಲ್‌ಗೆ, ಅಂದರೆ ಆಕಾರ ಕತ್ತರಿಸಿದ ಅಚ್ಚಿನ ಹಾಳೆಗೆ, ಹಳೇ ಎಕ್ಸ್‌ರೇ ಫಿಲ್ಮ್ ಗಟ್ಟಿ, ತೊಳೆದು ಮತ್ತೆ ಬಳಸಬಹುದು. ಮೊದಲ ಒಂದು ತಿಂಗಳು ಸುಮ್ನೆ ನ್ಯೂಸ್‌ಪೇಪರ್ ಮೇಲೆ ಚುಕ್ಕಿ ಇಡಿ, ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆಯಿರಿ, ದಪ್ಪಗೆ ಶುರುವಾಗಿ ಕೂದಲಿನಷ್ಟು ತೆಳ್ಳಗಾಗುವ ಗೆರೆ ಬರುವ ತನಕ ಗೋಡೆ ಮುಟ್ಟಬೇಡಿ. ಸಂಜೆ ಕ್ಲೀನ್ ಮಾಡದೆ ಮಲಗಿದರೆ ಬೆಳಿಗ್ಗೆ ನೀಡಲ್ ಅಂಟಿಕೊಂಡಿರುತ್ತದೆ.

ಪ್ರಶ್ನೆ: ನಾನೂ ಗೋಡೆ ಚಿತ್ರ ಬರೆಯುತ್ತೇನೆ. ಗಿರಾಕಿಗಳು ಮುಗಿದ ಮೇಲೂ "ಇದೊಂದು ಚೂರು ಬದಲಾಯಿಸಿ" ಅನ್ನುತ್ತಲೇ ಇರುತ್ತಾರೆ, ದುಡ್ಡು ಮಾತ್ರ ನಿಲ್ಲಿಸುತ್ತಾರೆ. ರೇಟ್ ಹೇಗೆ ಹೇಳಬೇಕು? — ಹೆಸರು ಬೇಡ, ಮೈಸೂರು

ಎಲ್ಲರೂ ಕೇಳಿದ ರೇಟ್ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಬಣ್ಣದ ಖರ್ಚು ನೋಡಿ ರೇಟ್ ಹೇಳಿದರೆ ಕೆಟ್ಟಿರಿ. ಹಾಸನದವರ ಗೋಡೆಯನ್ನೇ ತಗೊಳ್ಳಿ, 108 ಚದರಡಿ, ಅದಕ್ಕೆ ಹೋಗುವ ಬಣ್ಣ ಕೆಲವೇ ಲೀಟರ್. ಹೋಗುವುದು ನಿಮ್ಮ ದಿನ. ಸ್ಕೆಚ್‌ಗೆ ಒಂದು, ಮಾಸ್ಕಿಂಗ್ (ಬಣ್ಣ ತಾಗಬಾರದ ಜಾಗ ಮುಚ್ಚುವುದು) ಮತ್ತು ಬೇಸ್‌ಗೆ ಒಂದು, ಚಿತ್ರಕ್ಕೆ ಮೂರು. ಐದು ದಿನದ ಕೂಲಿ, ಹೆಲ್ಪರ್, ಓಡಾಟ, ಸಾಮಾನು ಎಲ್ಲ ಕೂಡಿಸಿ ಚದರಡಿಯಿಂದ ಭಾಗಿಸಿ. ಅದು ನಿಮ್ಮ ರೇಟ್. ಮುಖ, ಪ್ರಾಣಿ ಬಂದರೆ ಜಾಸ್ತಿ, ಬರೀ ಎಲೆ ಮೋಡ ಆದರೆ ಕಮ್ಮಿ.

ಬದಲಾವಣೆ ಅನ್ನುವುದು ಸ್ಕೆಚ್‌ನಲ್ಲೇ ಮುಗಿಯಬೇಕು. ಅವರ ಗೋಡೆಯ ಫೋಟೋ ತೆಗೆದು ಅದರ ಮೇಲೆ ಬಣ್ಣದ ಸ್ಕೆಚ್ ಕೂರಿಸಿ ವಾಟ್ಸ್‌ಆ್ಯಪ್ ಮಾಡಿ, ಎರಡು ಸಲ ಬದಲಾವಣೆ ಪುಕ್ಕಟೆ, "ಓಕೆ" ಅಂತ ಬರಹದಲ್ಲೇ ತರಿಸಿಕೊಳ್ಳಿ. ಅರ್ಧ ದುಡ್ಡು ಸಾಮಾನು ತರುವ ಮುಂಚೆ, ಕಾಲು ಭಾಗ ಬೇಸ್ ಆದಾಗ, ಉಳಿದದ್ದು ಕೊನೇ ದಿನ ಕೊನೆಯ ಕೋಟ್ ಹೊಡೆಯುವ ಮುಂಚೆ. ಮುಂಚೆ, ಆಮೇಲೆ ಅಲ್ಲ. ಒಂದು ಮನೆಯಲ್ಲಿ ನವಿಲಿನ ನೀಲಿ ಅತ್ತೆಗೆ ಒಪ್ಪಿತು, ಸೊಸೆಗೆ ಒಪ್ಪಲಿಲ್ಲ, ನಾನು ನಾಲ್ಕು ದಿನ ನವಿಲಿಗೆ ಬಣ್ಣ ಬಳಿಯುತ್ತಾ ಕೂತಿದ್ದೆ. ಆಮೇಲಿಂದ ಸ್ಕೆಚ್ ತೋರಿಸುವಾಗ ಮನೆಯವರೆಲ್ಲ ಇರಲೇಬೇಕು ಅಂತ ಮಾಡಿಕೊಂಡಿದ್ದೇನೆ.

ಪ್ರಶ್ನೆ: ಮಗುವಿನ ರೂಮ್‌ಗೆ ಕಾರ್ಟೂನ್ ಬರೆಸಬೇಕು. ವಾಸನೆಯಿಂದ ತೊಂದರೆಯಾಗುತ್ತಾ? — ತುಮಕೂರು

ನೀರಿನ ಬೇಸ್ ಇರುವ ಎಮಲ್ಷನ್ ಕೇಳಿ, ಥಿನ್ನರ್ ಬೆರೆಸುವ ಎನಾಮಲ್ ಬೇಡ. ನೀರಿನ ಬಣ್ಣವಾದರೂ ಏರ್‌ಬ್ರಷ್‌ನಿಂದ ಬರುವ ಹನಿ ತುಂಬಾ ಸಣ್ಣದು, ಗಾಳಿಯಲ್ಲಿ ತೇಲುತ್ತದೆ. ಕೆಲಸ ನಡೆಯುವಾಗ ಮಗು ಆ ಕಡೆ ಬರಬಾರದು, ಬರೆಯುವವರು ಕರ್ಚೀಫ್ ಕಟ್ಟಿಕೊಂಡು ನಿಲ್ಲಬಾರದು, ಸರಿಯಾದ ಮಾಸ್ಕ್ ಹಾಕಬೇಕು. ಮುಗಿದ ಮೇಲೆ ಕೆಲವು ದಿನ ಕಿಟಕಿ ತೆರೆದಿಡಿ. ಟಿವಿಯಲ್ಲಿ ಬರುವ ಕಾರ್ಟೂನ್ ಮೇಲೆ ಕಂಪನಿಯವರ ಹಕ್ಕು ಇರುತ್ತದೆ, ದುಡ್ಡು ತಗೊಂಡು ಅದನ್ನು ಬರೆಯುವುದು ಸರಿಯಲ್ಲ. ನಮ್ಮ ದೇಶದಲ್ಲಿ ಕಲಾವಿದ ತೀರಿಕೊಂಡ ಮೇಲೂ 60 ವರ್ಷ ಅವರ ಚಿತ್ರದ ಮೇಲೆ ಹಕ್ಕು ಉಳಿಯುತ್ತದೆ. ರಾಜಾ ರವಿವರ್ಮ 1906ರಲ್ಲೇ ತೀರಿಕೊಂಡವರು, ಅವರದ್ದನ್ನು ಎಷ್ಟು ಬೇಕಾದರೂ ಬರೆಸಿ. ಮಗುವಿಗಾದರೆ ನಿಮ್ಮ ಮನೆ ನಾಯಿಯನ್ನೇ ಸೂಪರ್‌ಹೀರೋ ಮಾಡಿ ಬರೆಸಿ, ಮಗುವಿಗೆ ಇನ್ನೂ ಖುಷಿಯಾಗುತ್ತದೆ.

ಪ್ರಶ್ನೆ: ಗೋಡೆ ಬಿಡಿ ಸರ್, ನನ್ನ ಬೈಕ್ ಟ್ಯಾಂಕ್‌ಗೆ ಹುಲಿ ಮುಖ ಬರೆಯಬಹುದಾ? — ಉಡುಪಿ

ಬರೆಯಬಹುದು. ಗೋಡೆಯ ಬಣ್ಣ ಅಲ್ಲಿ ನಡೆಯಲ್ಲ. ಮೇಲೆ ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಬೆರೆಸುವ 2ಕೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ರಕ್ಷಣೆಯ ಲೇಪ, ಬೇಕು, ಇಲ್ಲದಿದ್ದರೆ ಪೆಟ್ರೋಲ್ ಚೆಲ್ಲಿದ ದಿನವೇ ಹುಲಿ ಕರಗುತ್ತದೆ. ಆ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಉಸಿರಿಗೆ ಬಹಳ ಕೆಟ್ಟದ್ದು, ಮನೆ ವರಾಂಡದಲ್ಲಿ ಮಾಡುವ ಕೆಲಸವಲ್ಲ. ಬೈಕ್‌ನ ಮೂಲ ಬಣ್ಣವನ್ನೇ ಬದಲಿಸುವುದಾದರೆ ಆರ್‌ಟಿಒದಲ್ಲಿ ಆರ್‌ಸಿ ತಿದ್ದಿಸಬೇಕು. ಮತ್ತೆ, ಟ್ಯಾಂಕ್ ತರುವ ಮುಂಚೆ ಪೆಟ್ರೋಲ್ ಖಾಲಿ ಮಾಡಿ. ಇದನ್ನೂ ಹೇಳಬೇಕಾ ಅಂತ ನಗಬೇಡಿ, ಹಿಂದೊಬ್ಬರು ಅರ್ಧ ಟ್ಯಾಂಕ್ ಪೆಟ್ರೋಲ್ ಸಮೇತ ಆಟೋದಲ್ಲಿ ತಂದು ಇಳಿಸಿದ್ದರು.