ಸಿಎನ್‌ಸಿ ಕಾಲದಲ್ಲೂ ಐಟಿಐನಲ್ಲಿ ಮೊದಲು ಫೈಲ್ (ಅರ) ಉಜ್ಜಿಸುವುದು ಯಾಕೆ?

ಅಳತೆ ಕೈಗೂ ಕಣ್ಣಿಗೂ ಹತ್ತಲಿ ಅಂತ. ಕೋಲಾರದ ಐಟಿಐಗೆ ಟರ್ನರ್ ಟ್ರೇಡ್ (ಲೇತ್ ಯಂತ್ರದಲ್ಲಿ ಲೋಹವನ್ನು ತಿರುಗಿಸಿ ಕಡೆಯುವ ಕೆಲಸ) ಸೇರಿದ ನಿಮ್ಮ ಮಗ ವೈಸ್ (ಪೀಸನ್ನು ಬಿಗಿಯಾಗಿ ಹಿಡಿಯುವ ಉಪಕರಣ) ಮುಂದೆ ನಿಂತು ಕಬ್ಬಿಣ ಉಜ್ಜುವುದು ಖಂಡಿತ ವ್ಯರ್ಥವಲ್ಲ.

ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಯಂತ್ರ, ಕೊಟ್ಟ ಅಂಕಿಯಂತೆ ಕತ್ತರಿಸುತ್ತದೆ. ಟೂಲ್ ಸವೆದಿದೆಯೇ, ಪೀಸ್ ಬಿಸಿಯಾಗಿದೆಯೇ ಎಂದು ಸಾಮಾನ್ಯವಾಗಿ ಆಪರೇಟರೇ ನೋಡಬೇಕು. 100 ಮಿ.ಮೀ. ಉದ್ದದ ಉಕ್ಕು 20 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 0.02 ಮಿ.ಮೀ. ಹಿಗ್ಗುತ್ತದೆ. ಬಿಸಿಯಲ್ಲೇ ಅಳೆದು ಸರಿಯಿದೆ ಅಂದುಕೊಂಡರೆ, ತಣಿದ ಮೇಲೆ ಅಳತೆ ಕಡಿಮೆ ಬಂದು ಪೀಸ್ ರಿಜೆಕ್ಟ್ ಆಗಬಹುದು.

ಫೈಲಿಂಗ್‌ನಲ್ಲಿ ಈ ಎಚ್ಚರ ಬೆಳೆಯುತ್ತದೆ. ಉಜ್ಜಿದ ಮೈಗೆ ಟ್ರೈ ಸ್ಕ್ವೇರ್ (ಮೂಲೆ ನೇರವಿದೆಯೇ ನೋಡುವ ಉಪಕರಣ) ಇಟ್ಟು ಬೆಳಕಿಗೆ ಹಿಡಿಯುತ್ತಾರೆ. ಬೆಳಕು ನುಸುಳಿದ ಕಡೆ ತಗ್ಗು, ನುಸುಳದ ಕಡೆ ಉಬ್ಬು. ಉಬ್ಬನ್ನಷ್ಟೇ ಮತ್ತೆ ಉಜ್ಜಬೇಕು. ಕೂದಲೆಳೆಗಿಂತ ಸಣ್ಣ ವ್ಯತ್ಯಾಸವನ್ನು ಲೆಕ್ಕಕ್ಕೆ ತಗೊಳ್ಳುವ ಅಭ್ಯಾಸ ಹೀಗೆ ಬರುತ್ತದೆ.

ಕೋರ್ಸ್ ಎರಡು ವರ್ಷದ್ದು. ಫೈಲ್ ಆದಮೇಲೆ ಲೇತ್, ಆಮೇಲೆ ಸಿಎನ್‌ಸಿ. ನನ್ನ ಸಲಹೆ: ಮುಗಿದ ಕೂಡಲೇ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಅಪ್ರೆಂಟಿಸ್‌ಶಿಪ್ ಹುಡುಕಲಿ. ಆದರೆ ಯಂತ್ರದ ಕೆಲಸವನ್ನೇ ಕೊಡುತ್ತಾರೆಯೇ, ಬರೀ ಪ್ಯಾಕಿಂಗ್‌ಗೆ ನಿಲ್ಲಿಸುತ್ತಾರೆಯೇ ಎಂದು ಮೊದಲೇ ಕೇಳಿ ಸೇರಲಿ.